ಗುಂಡಿ ಡಬ್ಬಿಯೊಳಗಿನ ಮಾತ್ರೆ

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಟೇಪ್ ಮಾವ ಎನ್ನುತ್ತಾರೆ. ಅವರ ಕೊರಳಿನಿಂದ ಅಳತೆ ಟೇಪು ಇಳಿದದ್ದನ್ನು ಎದುರಿನ ಇಸ್ತ್ರಿ ಅಂಗಡಿಯವನಾದ ನಾನೇ ಕಂಡಿಲ್ಲ. ಯಾರು ಏನು ಹೇಳಿದರೂ ಮಾವನಿಗೆ ಅನುಮಾನ. ಬಟ್ಟೆ ಎರಡು ಮೀಟರ್ ಇದೆ ಅಂದರೂ ಅಳೆದೇ ನೋಡಬೇಕು. ದರ್ಜಿಗೆ ಅದು ಒಳ್ಳೆಯ ಗುಣ. ರೋಗಿಗೆ ಅಲ್ಲ.

ಆರು ತಿಂಗಳ ಹಿಂದೆ ಮಾವನ ಎದೆ ಆಗಾಗ ಡವಡವ ಎನ್ನತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಅವರ ಹೆಂಡತಿ, ನಮಗೆಲ್ಲ ಅತ್ತೆ, ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಇಸಿಜಿ ತೆಗೆಸಿದರು. ಎದೆಬಡಿತದ ಲಯ ತಪ್ಪಿದೆ, ಹೀಗಾದಾಗ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು ಎಂದರು. ಬಡಿತ ಹದದಲ್ಲಿಡಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು ಬರೆದುಕೊಟ್ಟರು.

ಮೂರನೇ ವಾರ ಮಾವನ ಬೆರಳಿಗೆ ಸೂಜಿ ಚುಚ್ಚಿತು. ದರ್ಜಿಗೆ ಅದೇನು ಹೊಸದೇ? ಆದರೆ ಆ ದಿನ ರಕ್ತ ಬೇಗ ನಿಲ್ಲಲಿಲ್ಲ, ಗಿರಾಕಿಯ ಅಂಗಿಗೂ ಕಲೆಯಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯಲ್ಲೇ ಏನೋ ಮೋಸವಿದೆ ಎಂದು ಮಾವ ತೀರ್ಮಾನಿಸಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಅಂದಿನಿಂದ ಅದನ್ನು ನುಂಗಿದಂತೆ ನಟಿಸಿ, ನೀರು ಕುಡಿದು, ಗುಂಡಿ ಡಬ್ಬಿಗೆ ಹಾಕತೊಡಗಿದರು. ಬಿಳಿ ಗುಂಡಿಗಳ ನಡುವೆ ಬಿಳಿ ಮಾತ್ರೆ ಯಾರ ಕಣ್ಣಿಗೆ ಬೀಳಬೇಕು?

ಅತ್ತೆಯ ಕಣ್ಣಿಗೆ ಬಿತ್ತು. ಗುಂಡಿ ಹಾಕುವುದು ಅವರ ಕೆಲಸ, ಮತ್ತು ಒಂದು ಗುಂಡಿಗೆ ತೂತೇ ಇರಲಿಲ್ಲ. ಅವರು ಜಗಳ ತೆಗೆಯದೆ ಪಕ್ಕದ ಮನೆಯ ನರ್ಸನ್ನು ಕರೆತಂದರು.

“ಬೆಳ್ಳಗಿರೋದೆಲ್ಲ ಹಾಲಲ್ಲ ಸಿಸ್ಟರ್,” ಎಂದರು ಮಾವ. “ರಕ್ತ ನಿಲ್ಲದ ಹಾಗೆ ಮಾಡೋದು ಔಷಧಿನಾ? ಎದೆ ಈಗ ಸುಮ್ನಿದೆ. ಮಾತ್ರೆ ಕಂಪನಿಯವರಿಗೂ ಡಾಕ್ಟರಿಗೂ ಏನು ಒಪ್ಪಂದವೋ.”

“ನನ್ನನ್ನೂ ನಂಬಬೇಡಿ ಮಾವ. ನಿಮ್ಮ ಬೆರಳನ್ನೇ ನಂಬಿ,” ಎಂದ ನರ್ಸ್, ಮಾವನ ಮೂರು ಬೆರಳನ್ನು ಅವರದೇ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದತ್ತ ಇರಿಸಿದರು. ನಲವತ್ತು ವರ್ಷ ಮಿಷನ್ ತುಳಿದ ಮಾವ ಕಣ್ಣು ಮುಚ್ಚಿದರು. ನಾಡಿಯಲ್ಲಿ ಎರಡು ಹೊಲಿಗೆ ಒತ್ತಾಗಿ, ಆಮೇಲೆ ಒಂದು ಖಾಲಿ, ಮತ್ತೆ ಅವಸರ.

“ತಪ್ತಾ ಇದೆ,” ಎಂದರು ಮೆಲ್ಲಗೆ.

ಎದೆ ಸುಮ್ಮನಿದೆ ಅನ್ನಿಸಿದರೂ ಲಯ ತಪ್ಪಿರಬಹುದು ಎಂದು ನರ್ಸ್ ವಿವರಿಸಿದರು. ಆ ಮಾತ್ರೆ ತಿಂದರೆ ರಕ್ತ ನಿಲ್ಲುವುದು ತುಸು ತಡ, ಅದಕ್ಕೇ ಸಣ್ಣ ಗಾಯವನ್ನು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಆಗಲೂ ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಮಾವ ಎಲ್ಲ ಕೇಳಿ, ನಾಳೆ ನೋಡೋಣ ಎಂದರು. ಹಟವೆಂದರೆ ಹಟ.

ಮರುದಿನ ಬೆಳಿಗ್ಗೆ ಅವರ ಬಲಗೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಾಗಲಿಲ್ಲ. ಬಾಯಿ ಒಂದು ಕಡೆ ವಾಲಿ ಮಾತು ತೊದಲಿತು. ನಾನು ನೀರು ತರಲು ಓಡಿದೆ. ಈಗ ನೀರು ಕುಡಿಸಿದರೆ ಗಂಟಲಿಗೆ ಸಿಕ್ಕೀತು ಎಂದು ಅತ್ತೆ ನನ್ನನ್ನು ತಡೆದು, ಆಂಬುಲೆನ್ಸಿಗೆ ಫೋನ್ ಮಾಡಿಸಿದರು.

ಪುಣ್ಯಕ್ಕೆ ಒಂದು ಗಂಟೆಯೊಳಗೆ ಕೈಯ ಬಲ ಮರಳಿತು, ಮಾತೂ ಸರಿಯಾಯಿತು. ಇದು ಲಕ್ವದ ಮುನ್ಸೂಚನೆ, ಇನ್ನೊಮ್ಮೆ ಮರಳುವ ಭರವಸೆಯಿಲ್ಲ ಎಂದರು ಡಾಕ್ಟರು. ಮಾವ ಹಾಸಿಗೆಯಲ್ಲೇ ಕುಳಿತು ತಮ್ಮ ಅನುಮಾನಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಡಾಕ್ಟರು ಒಂದಕ್ಕೂ ಬೇಸರಿಸಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ಈಗ ದಿನವೂ ಮಾವ ನುಂಗಿದ ಮೇಲೆ ಅತ್ತೆ, “ಬಾಯಿ ತೆಗೀರಿ, ನಾಲಿಗೆ ಎತ್ತಿ,” ಎನ್ನುತ್ತಾರೆ. ಅನುಮಾನದ ಸರದಿ ಈಗ ಅತ್ತೆಯದು.

ಕೇಳಿದಿರಲ್ಲ, ನೀವೂ ಒಮ್ಮೆ ನಿಮ್ಮ ನಾಡಿ ಹಿಡಿದು ನೋಡಿ. ಏರುಪೇರು ಕಂಡರೆ ಇಸಿಜಿ ಮಾಡಿಸಿ. ಮಾತ್ರೆಯ ಮೇಲೆ ಅನುಮಾನ ಬಂದರೆ ತಪ್ಪಿಲ್ಲ, ಬರೆದುಕೊಟ್ಟವರನ್ನೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಮಾವನ ಕೈ ಮರಳಿ ಬಂತು, ಎಲ್ಲರ ಕೈಯೂ ಮರಳುವುದಿಲ್ಲ.