ಹಿಂದಿನ ಸೀಟಿನ ಬ್ರೇಕು

ಇಪ್ಪತ್ತೆರಡು ವರ್ಷ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದಾಕೆ, ಗಂಡ ದೇಶದ ಅಧ್ಯಕ್ಷರಾದ ಮರುದಿನವೇ ಹಿಂದಿನ ಸೀಟಿಗೆ ಬಿದ್ದರು. ಹೊಸ ಕೆಲಸ ಕಷ್ಟದ್ದೇನಲ್ಲ: ಆಸ್ಪತ್ರೆಯ ವಾರ್ಡು ಉದ್ಘಾಟಿಸುವುದು, ಮಕ್ಕಳ ಕೆನ್ನೆ ತಟ್ಟುವುದು, ಗಂಡನ ಭಾಷಣವನ್ನು ಮೊದಲ ಸಲ ಕೇಳುತ್ತಿರುವವರಂತೆ ಮುಖ ಅರಳಿಸುವುದು. ಎಲ್ಲ ಕಲಿತರು. ಬಲಗಾಲು ಮಾತ್ರ ಕಲಿಯಲಿಲ್ಲ. ಮುಂದೆ ಒಂದು ಸೈಕಲ್ ಅಡ್ಡ ಬಂದರೆ ಸಾಕು, ಧಪ್ ಎಂದು ನೆಲ ಒತ್ತುತ್ತಿತ್ತು. ತರಬೇತಿ ಕಾರಿನಲ್ಲಿ ಕಲಿಸುವವರ ಕಡೆ ಇರುವ ಎರಡನೇ ಬ್ರೇಕನ್ನು ಅದಿನ್ನೂ ಮರೆತಿರಲಿಲ್ಲ.

ಮೂವರು ಅಧ್ಯಕ್ಷರ ಹೆಂಡತಿಯರನ್ನು ಒಂದು ಗೀರೂ ಇಲ್ಲದೆ ಸಾಗಿಸಿದ್ದ ಡ್ರೈವರ್ ಎರಡು ತಿಂಗಳು ಹಲ್ಲು ಕಚ್ಚಿ ಸಹಿಸಿದ. ಆಮೇಲೆ ವರ್ಗಾವಣೆಗೆ ಅರ್ಜಿ ಕೊಟ್ಟ.

"ಸಹಿ ಹಾಕ್ಬಿಡಿ ಮೇಡಂ, ನಾಳೇನೇ ಬೇರೆಯವನು ಬರ್ತಾನೆ," ಎಂದರು ಕಾರ್ಯದರ್ಶಿ.

ಬೇರೆಯವನು ಬರಬಹುದು, ಆದರೆ ಇಂಥ ಕೈ ಬರುವುದಿಲ್ಲ. ಇವನು ಗೇರು ಬದಲಿಸಿದರೆ ಲೋಟದ ನೀರಿಗೂ ತಿಳಿಯದು. ಅರ್ಜಿ ಹಿಡಿದು ಆಕೆಯೇ ಶೆಡ್ಡಿಗೆ ಇಳಿದರು.

"ಏನ್ರೀ, ನನ್ನ ಮೇಲೆ ಮುನಿಸಾ?"

"ನಂದೇನು ಮುನಿಸು ಮೇಡಂ! ನೀವು ಒತ್ತಿದಾಗೆಲ್ಲ ನನ್ನ ಮೂವತ್ತು ವರ್ಷದ ಸರ್ವೀಸನ್ನೇ ತುಳಿದ ಹಾಗಾಗುತ್ತೆ. ನಂಬಿಕೆ ಇಲ್ದವರನ್ನ ಕೂರಿಸ್ಕೊಂಡು ಹೇಗೆ ಓಡಿಸ್ಲಿ?"

"ನಂಬಿಕೆ ಮಾತಲ್ಲ ಮಾರಾಯ್ರೇ. ನಮ್ಮ ಯಜಮಾನ್ರು ಮೆಟ್ಟಿಲು ಇಳಿಯುವಾಗ್ಲೂ ಈ ಕಾಲು ಒತ್ತುತ್ತೆ."

ಅವನು ನಗಲಿಲ್ಲ.

"ಸರಿ, ಕೀ ಕೊಡಿ. ನೀವು ಹಿಂದೆ ಕೂತ್ಕೊಳ್ಳಿ. ಅಂಗಳ ಒಂದು ಸುತ್ತು ಹಾಕ್ತೀನಿ. ನಿಮ್ಮ ಕಾಲು ಅಲ್ಲಾಡದಿದ್ರೆ ಅಲ್ಲೇ ಸಹಿ."

ಡ್ರೈವರ್ ಜೀವನದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕೂತ, ಎರಡು ಕೈ ಮಂಡಿಯ ಮೇಲೆ, ಫೋಟೋಗೆ ಕೂತವನಂತೆ. ಕಾರು ಹೊರಟಿತು. ಎರಡು ತಿಂಗಳು ಸ್ಟೇರಿಂಗು ಮುಟ್ಟದ ಕೈ ತಿರುವಿನಲ್ಲಿ ಅದನ್ನು ಹೂಕುಂಡಗಳ ಕಡೆ ಕೊಂಚ ಹೆಚ್ಚೇ ತಿರುಗಿಸಿತು.

ಹಿಂದಿನ ಸೀಟಿನಿಂದ ಧಪ್!

"ಕುಂಡ! ಕುಂಡ ನೋಡಿ! ಕ್ಲಚ್ ಮೇಲೆ ಹೀಗಾ ನಿದ್ದೆ ಮಾಡೋದು? ಬಿಡಿ, ಬಿಡಿ ಅಂದೆ!"

ಎರಡು ತಿಂಗಳಿಂದ "ಬಹಳ ಚೆನ್ನಾಗಿತ್ತು ಮೇಡಂ" ಬಿಟ್ಟು ಬೇರೇನೂ ಕೇಳದ ಕಿವಿಗೆ ಈ ಬೈಗುಳ ಹಿತವಾಗಿತ್ತು. ಮುಂದಿನ ತಿರುವಿನಲ್ಲಿ ಬೇಕೆಂದೇ ಕ್ಲಚ್ ಒತ್ತಿದರೋ ಏನೋ.

ಗೇಟಿನ ಕಾವಲಿನವ ಓಡಿ ಬಂದ. ಅಧ್ಯಕ್ಷರ ಹೆಂಡತಿ ಮುಂದೆ, ಡ್ರೈವರ್ ಹಿಂದೆ!

"ಏನಯ್ಯಾ ಇದು ಅವಾಂತರ?"

ಡ್ರೈವರ್ ಗಾಜು ಇಳಿಸಿ, ಗತ್ತಿನಿಂದಲೇ ಹೇಳಿದ: "ಕಲೀತಿದಾರೆ. ಇನ್ನೂ ಕೈ ಕೂತಿಲ್ಲ. ಬೇರೆಯವರಿಗೆ ಬಿಟ್ರೆ ಕೆಟ್ಟುಹೋಗ್ತಾರೆ, ನಾನೇ ನೋಡ್ಕೋಬೇಕು."