ಮೂರನೆಯ ಗೂಟದ ತಂಬಿಗೆ

ಫಿನಾಯಿಲ್ ವಾಸನೆ ಎಲ್ಲಿಂದ ಬಂತು, ರೋಣದ ಈ ಮಿಶನ್ ದವಾಖಾನೆ ಮುಚ್ಚಿ ಇಪ್ಪತ್ತು ವರ್ಷವಾಯಿತು, ನಾಳೆ ಕೆಡವುತ್ತಾರಂತೆ, ಅದಕ್ಕೇ ಹಳಬರನ್ನೆಲ್ಲ ಕರೆದಿದ್ದಾರೆ — ಅರವತ್ತು ದಾಟಿದರೂ ಮಧುರಾ, ನಿನ್ನ ಮೂಗಿಗೆ ಇನ್ನೂ ಎಂಟೇ ವರ್ಷ. ಹಂಚಿನ ಮಾಡು, ನರೇಗಲ್ಲಿನ ಬಂಡಿಗಳು ಕೊಳ್ಳ ಹರಿದು ಎತ್ತು ಬಿಡುತ್ತಿದ್ದ ಹುಣಸೆಮರ, ಏಳಕ್ಕೆ ಗಂಟೆ, ಗಂಟೆಯ ಹಿಂದೆ ಪ್ರಾರ್ಥನೆ, ಆಮೇಲೇ ಔಷಧ, ಇಲ್ಲಿ ದೇವರ ಅಪ್ಪಣೆಯಿಲ್ಲದೆ ಗುಳಿಗೆಯೂ ಇಲ್ಲ ಎಂದು ನಗುತ್ತಿದ್ದ ಅಪ್ಪ — ಎಷ್ಟು ಚೆಂದವಿತ್ತು ಎಲ್ಲ. ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಮರದ ಗೂಟ, ಮಿಶನ್ನಿನ ನೀರು ಮುಟ್ಟದ ಮನೆಯವರು ತಂದ ತಂಬಿಗೆ ತೂಗುಹಾಕಲು ಪಾದ್ರಿಗಳೇ ಬಡಿಸಿದ್ದು, ಮೂರನೆಯದು ನಮ್ಮದು, ಇಗೋ, ಇದೇ. ಆ ದಿನ ಅವ್ವ ತಂಬಿಗೆ ಮರೆತು ಬಂದಿದ್ದಳು, ನನ್ನ ಮೈ ಕಾದ ಹಂಚು, ನೀರು ನೀರು ಎಂದು ಕೇಳಿದವಳು ನಾನೇ, ನರ್ಸ್ ರಾಜಮಾ ಅವ್ವನ ಮುಖ ನೋಡಿದಳು, ಅವ್ವ ಬರಿದಾದ ಗೂಟ ನೋಡಿದಳು, ಬಂತು ಬಿಳಿ ಲೋಟ, ನೀಲಿ ಅಂಚು, ಒಂದು ಕಡೆ ಚಕ್ಕೆ ಎದ್ದು ಚೂಪಾದದ್ದು — ಅಂಥ ತಣ್ಣನೆಯ ನೀರು ಮತ್ತೆಂದೂ ಕುಡಿದಿಲ್ಲ. ಮನೆಗೆ ಬಂದರೆ ಹಿತ್ತಲ ಬಾಗಿಲಲ್ಲಿ ಲೀಲಾಬಾಯಿ ಅಜ್ಜಿ, ಅಲ್ಲೆ ಏನರೆ ಕುಡದೇನು, ಖರೇ ಹೇಳು — ಬ್ಯಾಡಂದ್ರೂ ರಾಜಮಾ ಕುಡಿಸಿದ್ಲು ಅಜ್ಜಿ. ಎಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ ಸುಳ್ಳು, ಅವ್ವನೂ ತುಟಿ ಬಿಚ್ಚಲಿಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು. ಪ್ರತಿ ಕ್ರಿಸ್ಮಸ್ಸಿಗೆ ಮಿಶನ್ ತೋಟದ ಪೇರಲ ತಂದು ನಮ್ಮ ಮನೆಯ ಕಟ್ಟೆಯ ಮೇಲಿಡುತ್ತಿದ್ದವಳು ರಾಜಮಾ, ಆ ವರ್ಷವೂ ಬುಟ್ಟಿ ಹಿಡಿದು ಬಂದಳು, ಕುಲಾ ಕೆಡಸ್ಲಿಕ್ಕೆ ಬಂದೀಯೇನು ಎಂದಳು ಅಜ್ಜಿ, ರಾಜಮಾ ಬಾಗಿಲ ಹಿಂದಿದ್ದ ನನ್ನನ್ನೊಮ್ಮೆ ನೋಡಿದಳು, ಕೇಳಿದವಳು ಇವಳೇ ಎನ್ನಬಹುದಿತ್ತು, ಅನ್ನಲಿಲ್ಲ, ಬುಟ್ಟಿ ಎತ್ತಿಕೊಂಡು ಹೋದಳು, ಮತ್ತೆ ಬರಲಿಲ್ಲ.

ಈಗ ಹುಣಸೆಯ ನೆರಳಿನ ಕುರ್ಚಿಯಲ್ಲಿ ಅವಳೇ, ರಾಜಮಾ, ತಲೆಯೆಲ್ಲ ಬಿಳಿ, ಇವತ್ತು ಹೇಳದಿದ್ದರೆ ಇನ್ನೆಲ್ಲಿ, ಮೂವತ್ತು ವರ್ಷ ಸಾಲೆಯಲ್ಲಿ ಮಕ್ಕಳಿಗೆ ಖರೇ ಮಾತಾಡಿ ಎಂದು ಕಲಿಸಿದವಳು ನಾನು, ನಾಚಿಕೆಯಾಗುತ್ತದೆ, ಕಾಲುಗಳು ನಡೆಯುತ್ತಿವೆ, ಬಾಯಿ ಒಣಗಿದೆ — ಸಿಸ್ಟರ್, ಅವತ್ತ ನೀರು ಕೇಳಿದಾಕಿ ನಾನಽ ರೀ. ಅವಳ ಕೈ ನನ್ನ ಹಣೆಯ ಮೇಲೆ, ಜ್ವರ ನೋಡುವವಳ ಹಾಗೆ. ಗೊತ್ತೈತವ್ವಾ, ಮೂರ ಸಲ ಕೇಳಿದ್ದಿ. ಮೂರು ಸಲ, ನನಗೇ ನೆನಪಿರಲಿಲ್ಲ, ಅವಳಿಗಿದೆ, ಮತ್ತೆ ಆ ಲೋಟ, ನೀಲಿ ಅಂಚು, ಚಕ್ಕೆ ಎದ್ದ ಕಡೆ ನನ್ನ ತುಟಿಗೆ ತಾಗದಂತೆ ಅವತ್ತು ಅವಳು ತಿರುಗಿಸಿ ಹಿಡಿದದ್ದು, ತಿರುಗಿಸಿ ಹಿಡಿದ ಆ ಲೋಟ —