ಬೇರಿಂಗಿನ ಸಿಳ್ಳೆ

ತಮಿಳು ಸೀಮೆಯ ಕರುಮತ್ತಂಪಟ್ಟಿಯ ಮಗ್ಗದ ಮನೆಗಳಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಪವರ್‌ಲೂಮ್ ಗದ್ದಲದಲ್ಲಿ ಬೆಳೆದ ಗಂಟಲು, ಊಟಕ್ಕೆ ಕರೆದರೂ ಜಗಳಕ್ಕೆ ಕರೆದಂತಿರುತ್ತದೆ. ಹಾಗಾಗಿ ದೊರೈಸಾಮಿಗೆ ಕಿವಿ ಹೋದದ್ದು ಊರಿಗೆ ಗೊತ್ತಾಗಲಿಲ್ಲ. ಹೆಂಡತಿ ರಂಗನಾಯಕಿಗೆ ಮಾತ್ರ ಗೊತ್ತಿತ್ತು.

ಅವನದೋ ಕಿವಿಯಿಂದಲೇ ಅನ್ನ ತಿನ್ನುವ ಕಸುಬು. ಮಗ್ಗದ ಮೋಟರಿನ ಬೇರಿಂಗ್ ನೋಡುವುದು. ಬೇರಿಂಗ್ ಎಂದರೆ ಬ್ರಹ್ಮವಿದ್ಯೆಯೇನಲ್ಲ: ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ಉಕ್ಕಿನ ಗುಂಡುಗಳು. ಉಜ್ಜುವ ಬದಲು ಉರುಳುವುದರಿಂದ ಶಾಫ್ಟು ಹಗುರಾಗಿ ತಿರುಗುತ್ತದೆ. ಆದರೆ ಬಿಚ್ಚದೆಯೇ ಒಳಗಿನ ಸಂಗತಿ ತಿಳಿಯಬೇಕಲ್ಲ? ಅದಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳಬೇಕು. ಗುಂಯ್ ಎಂದರೆ ಚೆನ್ನಾಗಿದೆ. ಗರಗರ ಎಂದರೆ ಗುಂಡು ಸವೆದಿದೆ. ಸಣ್ಣಗೆ ಸಿಳ್ಳೆ ಬಂದರೆ ಗ್ರೀಸ್ ಒಣಗಿದೆ, ಹಾಗೇ ಬಿಟ್ಟರೆ ಮೋಟರು ಸುಡುತ್ತದೆ.

ಒಂದೊಂದೇ ಷೆಡ್ಡಿನವರು ಅವನನ್ನು ಕರೆಯುವುದು ಬಿಟ್ಟಿದ್ದರು. ಉಳಿದಿದ್ದು ಕಂದಸಾಮಿ ಮೊದಲಾಳಿಯ ಷೆಡ್ಡೊಂದೇ. ಅಲ್ಲೂ ಅವನು ಚೆನ್ನಾಗಿದೆ ಎಂದ ಮೋಟರು ಹೋದ ತಿಂಗಳು ಸುಟ್ಟಿತ್ತು. ತನ್ನ ಅಪ್ಪನ ಕಾಲದ ಮನುಷ್ಯ, ಇನ್ನೊಂದು ಸಲ ನೋಡೋಣ ಎಂದು ಕಂದಸಾಮಿ ಕರೆದಿದ್ದ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಆ ಹುಲ್ಲುಕಡ್ಡಿ ತಾನೇ ಆಗುತ್ತೇನೆಂದು ರಂಗನಾಯಕಿ ಹೊರಟಳು. ಗಂಡನಿಗೆ ಸೊಂಟ ಹಿಡಿದಿದೆ, ಬಗ್ಗಲಾರ ಎಂಬ ನೆಪ. ಬಗ್ಗಿ ಕೇಳುವವಳು ಅವಳು, ತೀರ್ಪು ಹೇಳುವವನು ಅವನು. ಹುಟ್ಟಿದ್ದೇ ಮಗ್ಗದ ಪಕ್ಕದಲ್ಲಿ, ತನಗೆ ತಿಳಿಯದ ಸದ್ದು ಯಾವುದಿದೆ ಎಂಬ ಧೈರ್ಯ ಅವಳದು.

ಕಂದಸಾಮಿ ಮಗ್ಗಗಳನ್ನೆಲ್ಲ ನಿಲ್ಲಿಸಿ ಒಂದೇ ಮೋಟರನ್ನು ಓಡಿಸಿದ. ಅವಳ ಕಡೆ ತಿರುಗಿ, "ಇದು ಎಪ್ಪಡಿ ಐತೆ ಅಂತ ಕೇಳಿ ಹೇಳಕ್ಕಾ" ಎಂದು ಕೂಗಿದ.

ಅವಳು ಬಗ್ಗಿ ಸ್ಕ್ರೂಡ್ರೈವರ್ ಒತ್ತಿದಳು. ಗುಂಯ್ ಎಂಬುದೊಂದೇ ಕೇಳಿಸಿತು. ಸಿಳ್ಳೆ ಇಲ್ಲ. ಮೈಯೆಲ್ಲ ಹಗುರಾಯಿತು. ತಿರುಗಿ ಗಂಡನಿಗೆ ತಲೆಯಾಡಿಸಿದಳು.

"ನಲ್ಲಾ ಐತೆ ಮೊದಲಾಳಿ. ಇನ್ನೊಂದ್ ವರ್ಷ ಓಡ್ತೈತೆ" ಎಂದ ದೊರೈಸಾಮಿ.

ರಂಗನಾಯಕಿ ಸೆರಗು ಸರಿಮಾಡಿಕೊಳ್ಳುತ್ತಾ ಎದ್ದು ನಿಂತಳು. ಆಗ ಕಂಡದ್ದು, ಮೂಲೆಯಲ್ಲಿ ನೂಲು ಸುತ್ತುವ ಸತ್ಯಾ. ಕೆಲಸಕ್ಕೆ ಸೇರಿ ವಾರವೂ ಆಗಿರದ ಹೆಂಗಸು. ಕೆಟ್ಟ ಸದ್ದು ತಾಳಲಾರದವಳಂತೆ ಮುಖ ಕಿವುಚಿ, ಎರಡೂ ಕಿವಿ ಮುಚ್ಚಿಕೊಂಡು ಆ ಮೋಟರನ್ನೇ ನೋಡುತ್ತಿದ್ದಳು. ಕಂದಸಾಮಿ ಸ್ವಿಚ್ ಆರಿಸಿದ ಮೇಲೆ ಕೈ ತೆಗೆದಳು.

ಸಿಳ್ಳೆ ಇದ್ದೇ ಇತ್ತು ಎಂದು ರಂಗನಾಯಕಿಗೆ ಹೊಳೆಯಿತು. ಆ ಮಗ್ಗಗಳು ತನ್ನ ಕಿವಿಯನ್ನೂ ಬಿಟ್ಟಿರಲಿಲ್ಲ.

ಕಂದಸಾಮಿ ಗಂಡ ಹೆಂಡತಿ ಇಬ್ಬರನ್ನೂ ನೋಡಿದ. ಮುಖ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ ಏನೋ ಹೇಳಿ, ಒಳಗೆ ಹೋದ.

"ಏನಂದ್ರು?" ದೊರೈಸಾಮಿ ಕೇಳಿದ.

ಅವಳಿಗೂ ಕೇಳಿಸಿರಲಿಲ್ಲ.

"ನಾಳೆ ಬರ್ಬೇಕಂತೆ" ಎಂದಳು.

ಅವನ ಮುಖ ಅರಳಿತು. ಸ್ಕ್ರೂಡ್ರೈವರನ್ನು ಟವೆಲಿನಲ್ಲಿ ಒರೆಸಿ ಅವಳ ಕೈಗೆ ಕೊಟ್ಟ. "ಇನ್ ಮೇಲೆ ನೀನೇ ಇಟ್ಕೋ. ನಿನ್ ಕಿವಿ ಐತಲ್ಲ, ನಮ್ಗೆ ಅದೇ ಸಾಕು."

ರಂಗನಾಯಕಿ ಅದನ್ನು ತೆಗೆದುಕೊಂಡು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಳು.